ಚರ್ಚ್ ಗಾಯಕರಿಗೆ ಕಡಿಮೆ ಖರ್ಚಿನ ವೋಕಲ್ ಎಫೆಕ್ಟ್ಸ್: ಪೆಡಲ್ಲೋ, ರ‍್ಯಾಕೋ, ಮಿಕ್ಸರ್ರೋ?

ಪ್ರಶ್ನೆ: ನಮ್ಮ ಚರ್ಚ್‌ನಲ್ಲಿ ಆರಾಧನೆಗೆ ಸುಮಾರು ನೂರು ಜನ ಸೇರುತ್ತೇವೆ. 12 ಚಾನೆಲ್‌ನ ಅನಲಾಗ್ ಮಿಕ್ಸರ್ ಇದೆ. ಎದುರಿಗೆ ಎರಡು ಪವರ್ಡ್ ಸ್ಪೀಕರ್, ಗಾಯಕರ ಮುಂದೆ ನೆಲದ ಮೇಲೆ ಎರಡು ಮಾನಿಟರ್. ನಾಲ್ವರು ಹಾಡುತ್ತಾರೆ, ಅವರಲ್ಲಿ ಒಬ್ಬರು ಗಿಟಾರ್ ನುಡಿಸುತ್ತಾ ಮುನ್ನಡೆಸುತ್ತಾರೆ. ಹಾಡು ತೀರಾ ಒಣಕಲಾಗಿ ಕೇಳಿಸುತ್ತದೆ ಎಂಬುದು ಎಲ್ಲರ ದೂರು. ವೋಕಲ್ ಪೆಡಲ್ ತನ್ನಿ ಎಂದು ಒಬ್ಬರು, ರ‍್ಯಾಕ್ ಯೂನಿಟ್ ತನ್ನಿ ಎಂದು ಇನ್ನೊಬ್ಬರು, ಆಟೋಟ್ಯೂನ್ ಇರುವುದೇ ಬೇಕು ಎಂದು ಮತ್ತೊಬ್ಬರು ಹೇಳುತ್ತಾರೆ. ನಮ್ಮ ಬಳಿ ದುಡ್ಡು ಹೆಚ್ಚಿಲ್ಲ. ಯಾವುದನ್ನು ಕೊಳ್ಳೋಣ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಾಲ್ವರು ಹಾಡುವ ಕಡೆ ಪೆಡಲ್ ಬೇಡ. ನಿಮ್ಮ ಮಿಕ್ಸರ್‌ನಲ್ಲಿ ಪೋಸ್ಟ್-ಫೇಡರ್ ಆಕ್ಸ್ (ಚಾನೆಲ್‌ನ ಸದ್ದು ಏರಿಳಿಸುವ ಫೇಡರ್ ದಾಟಿದ ಮೇಲೆ ಸಿಗ್ನಲ್‌ನ ನಕಲನ್ನು ಬೇರೆಡೆಗೆ ಕಳಿಸುವ ಔಟ್‌ಪುಟ್) ಒಂದು ಖಾಲಿ ಇದ್ದರೆ, ಎರಡು ಎಫೆಕ್ಟ್ ಒಟ್ಟಿಗೆ ಕೊಡಬಲ್ಲ ಎರಡು ಎಂಜಿನ್ ಇರುವ, ಮಿಕ್ಸರ್ ಪಕ್ಕ ಇಡುವ ಪೆಟ್ಟಿಗೆಯಂಥ ಸಾಧಾರಣ ರ‍್ಯಾಕ್ ಯೂನಿಟ್ ಸಾಕು, ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಆಕ್ಸ್ ಖಾಲಿ ಇಲ್ಲ, ಮಿಕ್ಸರ್‌ಗೂ ವಯಸ್ಸಾಗಿದೆ ಅಂದರೆ ಈಗ ಏನೂ ಕೊಳ್ಳದೆ ಇನ್ನಷ್ಟು ದುಡ್ಡು ಕೂಡಿಸಿ, ಎಫೆಕ್ಟ್ಸ್ ಒಳಗೇ ಇರುವ ಸಣ್ಣ ಡಿಜಿಟಲ್ ಮಿಕ್ಸರ್‌ಗೆ ಹೋಗಿ. ಆದರೆ ಇದೆಲ್ಲಕ್ಕೂ ಮೊದಲು ನಿಮ್ಮ ಹಾಲ್ ಏನು ಮಾಡುತ್ತಿದೆ ಎಂದು ಕೇಳಿಸಿಕೊಳ್ಳಬೇಕು. ಅಲ್ಲಿಂದಲೇ ಶುರು ಮಾಡೋಣ.

ಜನ ಇಲ್ಲದಾಗ ಹಾಲ್‌ನ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತು ಹಿಡಿಯಿತು? ಸದ್ದು 60 ಡೆಸಿಬಲ್ ಇಳಿಯಲು ಬೇಕಾಗುವ ಕಾಲವನ್ನು ಅನುರಣನ ಕಾಲ ಎನ್ನುತ್ತಾರೆ. ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುವುದಿಲ್ಲ ಎಂಬ ದೂರು ಬಂದಾಗ ವ್ಯಾಲೇಸ್ ಸಬೈನ್ ಎಂಬ ಭೌತವಿಜ್ಞಾನಿ 1890ರ ದಶಕದಲ್ಲಿ ಪಕ್ಕದ ಥಿಯೇಟರ್‌ನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದೊಂದಾಗಿ ಒಳಗಿಟ್ಟು ಇದನ್ನು ಅಳೆದರು. ಆ ಅಳತೆಗಳಿಂದ ಹುಟ್ಟಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಹಾಲ್‌ನ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿರುವ ವಸ್ತುಗಳು ಹೀರುವ ಒಟ್ಟು ಪ್ರಮಾಣದಿಂದ ಭಾಗಿಸಬೇಕು. 20 ಮೀಟರ್ ಉದ್ದ, 12 ಅಗಲ, 6 ಎತ್ತರದ ಹಾಲ್ ಅಂದರೆ 1440 ಘನ ಮೀಟರ್. ಒಳಗಿನ ಹೀರಿಕೆ 120 ಚದರ ಮೀಟರ್‌ನಷ್ಟಿದ್ದರೆ ಅನುರಣನ ಸುಮಾರು 1.9 ಸೆಕೆಂಡ್. ಅದೇ ಹಾಲ್‌ಗೆ ನೂರು ಜನ ಬಂದು ಕೂತು, ತಲೆಗೆ ಅರ್ಧ ಚದರ ಮೀಟರ್‌ನಂತೆ ಹೀರಿದರು ಅನ್ನಿ, ಅದು 1.4 ಸೆಕೆಂಡ್‌ಗೆ ಇಳಿಯುತ್ತದೆ.

ಈ ಲೆಕ್ಕ ನಿಮಗೆ ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ಒಂದು, ಹಾಲ್‌ನಲ್ಲಿ ಈಗಾಗಲೇ ಎರಡು ಸೆಕೆಂಡಿನ ಗುಂಯ್ ಇದ್ದರೆ ಅದರ ಮೇಲೆ ಇನ್ನೊಂದು ರಿವರ್ಬ್ (ಯಂತ್ರ ಸೇರಿಸುವ ಕೃತಕ ಅನುರಣನ) ಸುರಿಯುವುದು ಒದ್ದೆ ಬಟ್ಟೆಗೆ ನೀರು ಚಿಮುಕಿಸಿದ ಹಾಗೆ. ಅಂಥ ಕಡೆ ‘ಒಣಕಲು’ ಎಂಬ ದೂರಿಗೆ ಕಾರಣ ಬೇರೆಯೇ ಇರುತ್ತದೆ. ಎರಡು, ಶನಿವಾರ ಸಂಜೆ ಖಾಲಿ ಹಾಲ್‌ನಲ್ಲಿ ಅಭ್ಯಾಸ ಮಾಡುವಾಗ ಸರಿಹೊಂದಿಸಿದ ರಿವರ್ಬ್ ಭಾನುವಾರ ತುಂಬಿದ ಸಭೆಯಲ್ಲಿ ಕಡಿಮೆ ಅನಿಸಿದರೆ ಯಂತ್ರ ಕೆಟ್ಟಿಲ್ಲ, ಜನ ಬಂದಿದ್ದಾರೆ ಅಷ್ಟೆ. ರಿಟರ್ನ್ ಫೇಡರ್ (ಎಫೆಕ್ಟ್ ಮಿಕ್ಸರ್‌ಗೆ ಮರಳುವ ಚಾನೆಲ್‌ನದು) ಒಂದಿಷ್ಟು ಏರಿಸಿದರೆ ಮುಗಿಯಿತು.

ಒಣಕಲು ಎನ್ನುವುದಕ್ಕೆ ಬೇರೆ ಕಾರಣಗಳೇನು? ಬಹಳ ಸಲ ಅದು ಮೈಕ್ ಹಿಡಿಯುವ ದೂರ. ಬಾಯಿಂದ ಒಂದು ಅಡಿ ದೂರ ಹಿಡಿದು ಹಾಡುವ ದನಿ ತೆಳ್ಳಗಿರುತ್ತದೆ. ಆಪರೇಟರ್ ಗೇನ್ ಏರಿಸುತ್ತಾನೆ, ಮೈಕ್ ಕುಂಯ್ ಅನ್ನುತ್ತದೆ, ಆತ ಈಕ್ವಲೈಜರ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತಾನೆ. ಕೊನೆಗೆ ಉಳಿಯುವುದು ಟೆಲಿಫೋನ್ ದನಿ. ಮೈಕ್ ಮತ್ತು ಬಾಯಿಯ ದೂರವನ್ನು ಅರ್ಧ ಮಾಡಿದರೆ ಸುಮಾರು 6 ಡೆಸಿಬಲ್ ಪುಕ್ಕಟೆಯಾಗಿ ಸಿಗುತ್ತದೆ. ಯಾವ ಎಫೆಕ್ಟ್ಸ್ ಪೆಟ್ಟಿಗೆಯೂ ಅಷ್ಟು ಕೊಡುವುದಿಲ್ಲ. ಗಾಯಕರ ಚಾನೆಲ್‌ಗಳಲ್ಲಿ ಲೋ-ಕಟ್ ಗುಂಡಿ ಒತ್ತಿ, 250ರಿಂದ 400 ಹರ್ಟ್ಸ್ ಆಸುಪಾಸಿನಲ್ಲಿ ಸ್ವಲ್ಪ ಇಳಿಸಿ ಒಂದು ವಾರ ಕೇಳಿ ನೋಡಿ. ಆಮೇಲೂ ಒಣಕಲು ಅನಿಸಿದರೆ ಅಂಗಡಿಗೆ ಹೊರಡಬಹುದು.

ಹೊರಡುವ ಮುನ್ನ ಮಿಕ್ಸರ್‌ನ ಬಲಬದಿಯನ್ನು ಇನ್ನೊಮ್ಮೆ ನೋಡಿಬಿಡಿ. 12 ಚಾನೆಲ್‌ನ ಮಿಕ್ಸರ್‌ಗಳಲ್ಲಿ ಎಷ್ಟೋ ಮಾದರಿಗಳಿಗೆ ಎಫೆಕ್ಟ್ಸ್ ಒಳಗೇ ಇರುತ್ತದೆ. ಯಮಹಾದ ಎಂಜಿ ಸಾಲಿನಲ್ಲಿ ಹೆಸರಿನ ಕೊನೆಗೆ ಎಕ್ಸ್‌ಯು ಎಂದಿರುವ ಮಿಕ್ಸರ್‌ಗಳಲ್ಲಿ 24 ಎಸ್‌ಪಿಎಕ್ಸ್ ಎಫೆಕ್ಟ್‌ಗಳಿವೆ. ಅದನ್ನು ಯಾರೋ ಒಮ್ಮೆ ಹಾಕಿ, ಪ್ರಸಂಗದ ನಡುವೆ ಪಾಸ್ಟರ್ ದನಿ ಗುಹೆಯಿಂದ ಬಂದಂತೆ ಕೇಳಿಸಿ, ಅವತ್ತಿನಿಂದ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿರುವುದೂ ಉಂಟು. ಒಳಗಿರುವ ಎಫೆಕ್ಟ್ ಸಾಮಾನ್ಯವಾಗಿ ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಅದರ ಕೊರತೆ ಬೇರೆ: ರಿವರ್ಬ್ ಎಷ್ಟು ಉದ್ದ ಇರಬೇಕು, ಎಷ್ಟು ತಡವಾಗಿ ಶುರುವಾಗಬೇಕು, ಅದರಲ್ಲಿ ಎಷ್ಟು ಬಾಸ್ ಇರಬೇಕು ಎಂದು ಬಿಡಿಬಿಡಿಯಾಗಿ ತಿದ್ದಲು ಬಹುತೇಕ ಆಗುವುದಿಲ್ಲ, ಹೆಚ್ಚೆಂದರೆ ಒಂದೇ ಒಂದು ಗುಂಡಿ ಇರುತ್ತದೆ. ಹೊರಗಿನ ಪೆಟ್ಟಿಗೆಗೆ ದುಡ್ಡು ಕೊಡುವುದಾದರೆ ಈ ಹಿಡಿತಕ್ಕಾಗಿ ಕೊಡಬೇಕು.

ಆದ್ದರಿಂದ ಪೆಟ್ಟಿಗೆಯ ಮೇಲೆ ಬರೆದಿರುವ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಎಫೆಕ್ಟ್) ಸಂಖ್ಯೆಗೆ ಮರುಳಾಗಬೇಡಿ. ನೂರಿದ್ದರೂ ಇನ್ನೂರಿದ್ದರೂ ಅದರಲ್ಲಿ ಹಲವು ಫ್ಲ್ಯಾಂಜರ್, ರೋಬೋ ದನಿ, ತಿರುಗು ಸ್ಪೀಕರ್ ಇತ್ಯಾದಿ. ಆರಾಧನೆಯಲ್ಲಿ ಅವನ್ನು ಯಾವತ್ತೂ ತೆರೆಯುವುದಿಲ್ಲ. ನಿಮಗೆ ಬೇಕಾಗಿರುವುದು ಒಂದು ಒಳ್ಳೆಯ ಪ್ಲೇಟ್ ರಿವರ್ಬ್, ಒಂದು ಡಿಲೇ (ದನಿಯನ್ನು ತುಸು ತಡವಾಗಿ ಮತ್ತೆ ಕೇಳಿಸುವ ಎಫೆಕ್ಟ್), ಎರಡನ್ನೂ ತಿದ್ದಲು ಗುಂಡಿಗಳು, ಡಿಲೇ ವೇಗವನ್ನು ತಾಳಕ್ಕೆ ತಟ್ಟಿ ಹೊಂದಿಸುವ ಟ್ಯಾಪ್ ಬಟನ್, ಕಾಲಿನಿಂದ ನಿಲ್ಲಿಸಲು ಫುಟ್‌ಸ್ವಿಚ್ ಜ್ಯಾಕ್, ಒಳಬರುವ ಸಿಗ್ನಲ್ ಎಷ್ಟಿದೆ ಎಂದು ತೋರಿಸುವ ದೀಪಗಳು. ಇನ್ನೊಂದನ್ನು ಅಂಗಡಿಯಲ್ಲೇ ಪರೀಕ್ಷಿಸಿ: ಪ್ಲಗ್ ಕಿತ್ತು ಮತ್ತೆ ಹಾಕಿದಾಗ ಹಿಂದಿನ ಸೆಟ್ಟಿಂಗ್‌ಗೇ ಮರಳುತ್ತದೆಯೇ, ಅಥವಾ ಒಂದನೇ ಪ್ರಿಸೆಟ್‌ಗೆ ಹೋಗುತ್ತದೆಯೇ? ಹಾಡಿನ ನಡುವೆ ಕರೆಂಟ್ ಹೋಗಿ ಬಂದಾಗ ಈ ಸಣ್ಣ ವಿಷಯ ದೊಡ್ಡದಾಗುತ್ತದೆ.

ಪ್ಲೇಟ್ ಎಂದೇಕೆ ಒತ್ತಿ ಹೇಳುತ್ತಿದ್ದೇನೆ? ಹಾಲ್, ಕೆಥೆಡ್ರಲ್ ಎಂಬ ಪ್ರಿಸೆಟ್‌ಗಳು ಒಂದು ಕಟ್ಟಡವನ್ನು ಅನುಕರಿಸುತ್ತವೆ. ಚರ್ಚ್‌ಗೆ ಕೆಥೆಡ್ರಲ್ ತಾನೇ ಸರಿ ಎಂದು ಬಹಳ ಜನ ಅದನ್ನೇ ಒತ್ತುತ್ತಾರೆ. ಆದರೆ ನೀವು ಈಗಾಗಲೇ ಒಂದು ಕಟ್ಟಡದೊಳಗೆ ಕೂತಿದ್ದೀರಿ. ಒಂದರೊಳಗೆ ಇನ್ನೊಂದು ಕಟ್ಟಡ ಸೇರಿದರೆ ಪದಗಳು ಕರಗಿಹೋಗುತ್ತವೆ. ಪ್ಲೇಟ್ ಎಂಬುದು ಕಟ್ಟಡದ ಅನುಕರಣೆಯೇ ಅಲ್ಲ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ತಂದ 140 ಎಂಬ ಯಂತ್ರದಲ್ಲಿ, ಚೌಕಟ್ಟಿಗೆ ಬಿಗಿದು ತೂಗುಬಿಟ್ಟ ದೊಡ್ಡ ಉಕ್ಕಿನ ತಗಡನ್ನು ಕಂಪಿಸುವಂತೆ ಮಾಡಿ ಆ ಕಂಪನವನ್ನು ಹಿಡಿಯುತ್ತಿದ್ದರು. ಗೋಡೆಯಿಂದ ಬರುವ ಬಿಡಿಬಿಡಿ ಪ್ರತಿಧ್ವನಿ ಅದರಲ್ಲಿಲ್ಲ. ದಟ್ಟವಾದ, ಹೊಳಪಿನ ಒಂದು ಬಾಲ ದನಿಯ ಹಿಂದೆ ಅಂಟಿಕೊಂಡು ಬರುತ್ತದೆ. ಇಂದಿನ ಅಗ್ಗದ ಪೆಟ್ಟಿಗೆಗಳಲ್ಲಿರುವ ‘ಪ್ಲೇಟ್’ ಆ ತಗಡಿನ ಡಿಜಿಟಲ್ ಮೊಮ್ಮಗು. ಅದು ದನಿಗೆ ಮೈ ತುಂಬಿಸುತ್ತದೆ, ಹಾಲನ್ನು ದೊಡ್ಡದು ಮಾಡುವುದಿಲ್ಲ.

ಈಗ ಪೆಡಲ್ ವಿಷಯ. ವೋಕಲ್ ಪೆಡಲ್ ಒಬ್ಬ ಗಾಯಕನಿಗಾಗಿ ಮಾಡಿದ್ದು. ಮೈಕ್ ಅದರೊಳಗೆ, ಅದರಿಂದ ಮಿಕ್ಸರ್‌ಗೆ. ಟಿಸಿ ಹೆಲಿಕಾನ್‌ನ ಮೈಕ್ ಮೆಕ್ಯಾನಿಕ್ ಅಂಥದ್ದು: ರಿವರ್ಬ್, ಎಕೋ, ಶ್ರುತಿ ತಿದ್ದುವ ಗುಂಡಿ, ದನಿಯನ್ನು ತಾನೇ ಹದ ಮಾಡುವ ಟೋನ್ ಬಟನ್. ಬಾಸ್‌ನ ವಿಇ-20ಯಲ್ಲಿ ಹಾರ್ಮನಿ, ಲೂಪರ್ ಕೂಡ ಇವೆ. ಒಬ್ಬರೇ ಹಾಡಿ ಒಬ್ಬರೇ ನುಡಿಸುವವರಿಗೆ ಇವು ಸೊಗಸಾದ ಸಾಧನಗಳು. ನಿಮ್ಮಲ್ಲಿ ನಾಲ್ವರು ಇದ್ದಾರೆ. ಒಬ್ಬರ ದನಿ ಮಾತ್ರ ಮಿಂದು ಬಂದಂತೆ ಹೊಳೆದು, ಉಳಿದ ಮೂವರು ಹಾಗೆಯೇ ಉಳಿದರೆ ತಂಡ ಒಡೆದಂತೆ ಕೇಳಿಸುತ್ತದೆ. ಎರಡನೆಯ ತೊಂದರೆ ಇನ್ನೂ ಗಂಭೀರ. ಪೆಡಲ್ ಮಿಕ್ಸರ್‌ಗಿಂತ ಮುಂಚೆ ಕೂರುವುದರಿಂದ ಅದರ ರಿವರ್ಬ್ ಆ ಚಾನೆಲ್ ಹೋಗುವ ಕಡೆಗೆಲ್ಲ ಹೋಗುತ್ತದೆ, ಮಾನಿಟರ್‌ಗೂ ಸೇರಿ. ಮಾನಿಟರ್‌ನಲ್ಲಿ ರಿವರ್ಬ್ ಇದ್ದರೆ ಸದ್ದು ಮೈಕ್‌ಗೆ ಮರಳಿ ಸುತ್ತುವುದು ಹೆಚ್ಚಾಗಿ, ಮೊದಲಿಗಿಂತ ಬೇಗ ವಿಸಿಲ್ ಹೊಡೆಯುತ್ತದೆ. ಪೆಡಲ್‌ನಲ್ಲಿ ಕಂಪ್ರೆಸರ್ ಕೂಡ ಇದ್ದು, ಮೆಲ್ಲಗಿನ ದನಿಯನ್ನು ಅದು 6 ಡೆಸಿಬಲ್ ಎತ್ತಿದರೆ ಫೀಡ್‌ಬ್ಯಾಕ್‌ಗೆ ಅಷ್ಟೇ ಹತ್ತಿರ ಹೋದಿರಿ.

ಹಾಗಾದರೆ ಪೆಡಲನ್ನೇ ಆಕ್ಸ್‌ಗೆ ಸಿಕ್ಕಿಸಿ ನಾಲ್ವರಿಗೂ ಹಂಚಬಹುದಲ್ಲ ಎಂದು ಕೇಳುವವರಿದ್ದಾರೆ. ಮೈಕ್ ಮಟ್ಟದ ಸಿಗ್ನಲ್‌ಗೆಂದು ಮಾಡಿದ ಪೆಡಲ್‌ಗೆ ಮಿಕ್ಸರ್‌ನ ಲೈನ್ ಮಟ್ಟದ ಸಿಗ್ನಲ್ ಕೊಟ್ಟರೆ ಸದ್ದು ಒಳಗೇ ಒಡೆದುಹೋಗುತ್ತದೆ. ಸಿಗ್ನಲ್ ತಗ್ಗಿಸಿ ಹೇಗೋ ಹೊಂದಿಸಬಹುದು, ಆದರೆ ಮೂಲ ದನಿಯನ್ನು ಪೂರ್ತಿ ತಡೆದು ಎಫೆಕ್ಟ್ ಮಾತ್ರ ಹೊರಬಿಡುವ ಸೌಕರ್ಯ ಎಲ್ಲ ಪೆಡಲ್‌ಗಳಲ್ಲಿ ಇರುವುದಿಲ್ಲ. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕೆಳಗೆ ಹೇಳುತ್ತೇನೆ.

ಆಟೋಟ್ಯೂನ್ ಬಗ್ಗೆ ಚುಟುಕಾಗಿ ಹೇಳುವೆ, ಏಕೆಂದರೆ ನನ್ನ ಪ್ರಕಾರ ಅದು ನಿಮ್ಮ ಸಮಸ್ಯೆಗೆ ಮದ್ದಲ್ಲ. ಶ್ರುತಿ ತಿದ್ದುವ ಯಂತ್ರ ಹತ್ತಿರದ ಸ್ವರಕ್ಕೆ ಎಳೆಯುತ್ತದೆ. ಗಾಯಕ ಅರ್ಧ ಸ್ವರದಷ್ಟು ಜಾರಿದ್ದರೆ ಪಕ್ಕದ ತಪ್ಪು ಸ್ವರಕ್ಕೇ ಎಳೆದು ಕೂರಿಸುತ್ತದೆ. ಸ್ವರದಿಂದ ಸ್ವರಕ್ಕೆ ತೇಲಿ ಹೋಗುವ ಹಾಡುಗಾರಿಕೆಯಲ್ಲಿ ಆ ತೇಲಿಕೆಯನ್ನೇ ಮೆಟ್ಟಿಲು ಮಾಡಿಬಿಡುತ್ತದೆ. ಒಂದು ಮೈಕ್‌ಗೆ ಒಂದೇ ದನಿ ಬಂದರಷ್ಟೇ ಅದು ಕೆಲಸ ಮಾಡುತ್ತದೆ. ಇಬ್ಬರು ಒಂದೇ ಮೈಕ್ ಹಂಚಿಕೊಂಡರೂ, ಪಕ್ಕದ ಡ್ರಮ್ಸ್ ಸೋರಿ ಬಂದರೂ ಗಲಿಬಿಲಿಗೊಳ್ಳುತ್ತದೆ. ಚಿಕ್ಕ ಹಾಲ್‌ನಲ್ಲಿ ಮುಂದಿನ ಸಾಲಿನವರಿಗೆ ಗಾಯಕರ ನಿಜ ದನಿ ನೇರವಾಗಿಯೇ ಕೇಳುತ್ತದೆ. ತಿದ್ದಿದ್ದು ಒಂದು, ತಿದ್ದದ್ದು ಒಂದು ಬೆರೆತು ಕಲಸಿಹೋಗುತ್ತದೆ. ಮಾನಿಟರ್‌ನಲ್ಲಿ ತಮ್ಮ ದನಿ ಸ್ಪಷ್ಟವಾಗಿ ಕೇಳಿಸಿದರೆ ಗಾಯಕರ ಶ್ರುತಿ ಅರ್ಧ ತಾನಾಗಿ ಸರಿಹೋಗುತ್ತದೆ. ಅದಕ್ಕೆ ಖರ್ಚಿಲ್ಲ.

ರ‍್ಯಾಕ್ ಯೂನಿಟ್‌ಗೆ ಬರೋಣ. ಲೆಕ್ಸಿಕಾನ್‌ನ ಎಂಎಕ್ಸ್200 ಒಂದು ಉದಾಹರಣೆ: ಒಳಗೆ ಎರಡು ಪ್ರೊಸೆಸರ್, ಒಂದರಲ್ಲಿ ಪ್ಲೇಟ್ ಇಟ್ಟು ಇನ್ನೊಂದರಲ್ಲಿ ಡಿಲೇ ಇಡಬಹುದು. ಟಿಸಿ ಎಲೆಕ್ಟ್ರಾನಿಕ್‌ನ ಎಂ350 ಕೂಡ ಹೀಗೆಯೇ, ಒಂದು ಎಂಜಿನ್ ರಿವರ್ಬ್‌ಗೆ, ಇನ್ನೊಂದು ಡಿಲೇ ಮತ್ತಿತರ ಎಫೆಕ್ಟ್‌ಗಳಿಗೆ. ಸ್ಟುಡಿಯೋಗಳು ಕಂಪ್ಯೂಟರ್ ಪ್ಲಗಿನ್‌ಗಳ ಕಡೆ, ಸಂಗೀತ ತಂಡಗಳು ಡಿಜಿಟಲ್ ಮಿಕ್ಸರ್ ಕಡೆ ಹೋಗಿರುವುದರಿಂದ ಇಂಥ ಪೆಟ್ಟಿಗೆಗಳು ಬಳಸಿದ ಸ್ಥಿತಿಯಲ್ಲಿ ಸುಲಭವಾಗಿ ಸಿಗುತ್ತವೆ. ಕಡಿಮೆ ಬಜೆಟ್‌ನವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ. ಕೊಳ್ಳುವಾಗ ಮಾತ್ರ ಅದರದೇ ಅಡಾಪ್ಟರ್ ಜೊತೆಗಿದೆಯೇ ನೋಡಿ. ಕೆಲವಕ್ಕೆ ಡಿಸಿ ಅಲ್ಲ, ಎಸಿ ಹೊರಬಿಡುವ ಅಡಾಪ್ಟರ್ ಬೇಕು, ಕೈಗೆ ಸಿಕ್ಕಿದ್ದನ್ನು ಹಾಕಿದರೆ ಯಂತ್ರವೇ ಹೋದೀತು. ಎಲ್ಲ ಗುಂಡಿಗಳನ್ನು ನಿಧಾನವಾಗಿ ತಿರುಗಿಸಿ, ಅಂಕಿಗಳು ಹಿಂದೆಮುಂದೆ ಹಾರುತ್ತವೆಯೇ ನೋಡಿ. ಜ್ಯಾಕ್ ಅಲ್ಲಾಡಿಸಿದಾಗ ಕರಕರ ಸದ್ದು ಬಂದರೆ ಬೆಸುಗೆ ಬಿಟ್ಟಿದೆ ಎಂದರ್ಥ. ಅದು ರಿಪೇರಿಗೆ ಒಗ್ಗುವ ದೋಷ, ಅದನ್ನೇ ತೋರಿಸಿ ಚೌಕಾಸಿ ಮಾಡಿ.

ಜೋಡಿಸುವಾಗ ಎಡವುವವರೇ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಮಿಕ್ಸರ್‌ನ ಆಕ್ಸ್‌ಗಳಲ್ಲಿ ಎರಡು ಬಗೆ. ಪ್ರೀ-ಫೇಡರ್ ಆಕ್ಸ್ ಫೇಡರ್ ಎಲ್ಲಿದ್ದರೂ ಲೆಕ್ಕಿಸದೆ ಸಿಗ್ನಲ್ ಕಳಿಸುತ್ತದೆ, ಅದು ಮಾನಿಟರ್‌ಗೆ ಸರಿ. ಎಫೆಕ್ಟ್ಸ್‌ಗೆ ಪೋಸ್ಟ್-ಫೇಡರ್ ಬೇಕು, ಫೇಡರ್ ಇಳಿಸಿದಾಗ ರಿವರ್ಬ್ ಕೂಡ ಇಳಿಯಬೇಕಲ್ಲ. ಪ್ರೀ-ಫೇಡರ್‌ಗೆ ಹಾಕಿದರೆ ಗಾಯಕಿಯ ಫೇಡರ್ ಕೆಳಗಿಳಿಸಿದ ಮೇಲೂ ಅವರ ದೆವ್ವ ಹಾಡುತ್ತಲೇ ಇರುತ್ತದೆ. ಆಕ್ಸ್ ಔಟ್‌ನಿಂದ ಪೆಟ್ಟಿಗೆಯ ಇನ್‌ಪುಟ್‌ಗೆ ಒಂದು ಕೇಬಲ್. ಪೆಟ್ಟಿಗೆಯ ಔಟ್‌ಪುಟ್‌ನಿಂದ ‘ಎಫೆಕ್ಟ್ಸ್ ರಿಟರ್ನ್’ ಎಂಬ ಜ್ಯಾಕ್‌ಗೆ ಕೊಡುವ ಬದಲು, ಚಾನೆಲ್ ಖಾಲಿ ಇದ್ದರೆ ಅದರ ಲೈನ್ ಇನ್‌ಪುಟ್‌ಗೆ ಕೊಡಿ. ಆಗ ರಿವರ್ಬ್‌ಗೇ ಒಂದು ಫೇಡರ್, ಒಂದು ಮ್ಯೂಟ್ ಬಟನ್, ಒಂದು ಈಕ್ವಲೈಜರ್ ಸಿಗುತ್ತದೆ. ಆ ಚಾನೆಲ್‌ನಲ್ಲಿ ಎಫೆಕ್ಟ್ಸ್ ಆಕ್ಸ್ ಗುಂಡಿ ಮಾತ್ರ ಸದಾ ಸೊನ್ನೆಯಲ್ಲಿರಲಿ, ಮೇಲೆ ಒಂದು ಟೇಪ್ ಅಂಟಿಸಿದರೂ ಒಳ್ಳೆಯದೇ. ಅದನ್ನು ತಿರುಗಿಸಿದರೆ ಪೆಟ್ಟಿಗೆಯ ಸದ್ದು ಮತ್ತೆ ಪೆಟ್ಟಿಗೆಗೇ ಹೋಗಿ ಊಳಿಡುತ್ತದೆ.

ಪೆಟ್ಟಿಗೆಯ ಮಿಕ್ಸ್ ಗುಂಡಿಯನ್ನು ಪೂರ್ತಿ ವೆಟ್‌ಗೆ, ಅಂದರೆ 100 ಪ್ರತಿಶತಕ್ಕೆ ತಿರುಗಿಸಿ. ಮೂಲ ದನಿ ಮಿಕ್ಸರ್‌ನಲ್ಲಿ ಆಗಲೇ ಇದೆ. ಪೆಟ್ಟಿಗೆಯಿಂದಲೂ ಅದರ ನಕಲು ಬಂದರೆ, ಡಿಜಿಟಲ್ ಸಂಸ್ಕರಣೆಗೆ ಹಿಡಿಯುವ ಒಂದೆರಡು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 1 ಮಿಲಿಸೆಕೆಂಡ್ ತಡವಾದ ನಕಲು 500 ಹರ್ಟ್ಸ್‌ನಲ್ಲಿ, 2 ಮಿಲಿಸೆಕೆಂಡ್ ತಡವಾದದ್ದು 250 ಹರ್ಟ್ಸ್‌ನಲ್ಲಿ ಮೂಲವನ್ನು ಅಳಿಸುತ್ತದೆ, ಅಲ್ಲಿಂದ ಮೇಲಕ್ಕೂ ಸರಿದೂರದಲ್ಲಿ ಹಲವು ಕಡೆ. ದನಿ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಈ ಪೆಟ್ಟಿಗೆ ಸರಿಯಿಲ್ಲ ಎಂದು ಜನ ವಾಪಸ್ ಕೊಡುವ ಯಂತ್ರಗಳಲ್ಲಿ ಹಲವಕ್ಕೆ ಇದೊಂದೇ ಕಾಯಿಲೆ.

ಸೆಟ್ಟಿಂಗ್ ಶುರು ಮಾಡಲು ಹೀಗಿಡಿ: ಪ್ಲೇಟ್, ಬಾಲದ ಉದ್ದ 1.2ರಿಂದ 1.6 ಸೆಕೆಂಡ್, ಪ್ರಿ-ಡಿಲೇ 20ರಿಂದ 40 ಮಿಲಿಸೆಕೆಂಡ್. ಈ ಪ್ರಿ-ಡಿಲೇ ಅನ್ನು ಯಾರೂ ಮುಟ್ಟುವುದೇ ಇಲ್ಲ, ಆದರೆ ಪದದ ಮೊದಲಕ್ಷರ ಸ್ಪಷ್ಟವಾಗಿ ದಾಟಿಹೋದ ಮೇಲೆ ರಿವರ್ಬ್ ಶುರುವಾಗುವುದು ಅದರಿಂದಲೇ. ರಿವರ್ಬ್‌ನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ, 6 ಕಿಲೋಹರ್ಟ್ಸ್‌ಗಿಂತ ಮೇಲಿನದ್ದನ್ನು ತಗ್ಗಿಸಿ, ಇಲ್ಲವಾದರೆ ಪ್ರತಿ ‘ಸ’ಕಾರವೂ ಚಿಮ್ಮುತ್ತದೆ. ಡಿಲೇಗೆ ಲೆಕ್ಕ ಸುಲಭ: 60,000ವನ್ನು ಹಾಡಿನ ನಿಮಿಷದ ಬೀಟ್‌ಗಳಿಂದ ಭಾಗಿಸಿ. 75 ಬೀಟ್‌ನ ಹಾಡಿಗೆ 800 ಮಿಲಿಸೆಕೆಂಡ್, ಅರ್ಧ ಬೀಟ್ ಬೇಕಾದರೆ 400. ಒಂದೆರಡು ಮರುಕಳಿಕೆ ಸಾಕು. ನಿಮ್ಮ ಹಾಲ್ ಆಗಲೇ ಬಹಳ ಗುಂಯ್ ಅನ್ನುವಂಥದ್ದಾದರೆ ರಿವರ್ಬ್ ಬಿಟ್ಟು ಮೆಲುವಾದ ಡಿಲೇ ಒಂದನ್ನೇ ಇಟ್ಟುಕೊಳ್ಳಿ. ಅದು ಪದಗಳ ನಡುವಿನ ಖಾಲಿ ಜಾಗವನ್ನು ತುಂಬುತ್ತದೆ, ಪದಗಳನ್ನು ಮುಚ್ಚುವುದಿಲ್ಲ. ಎಷ್ಟು ಹಾಕಬೇಕು? ಕೇಳಿಸುವವರೆಗೆ ಏರಿಸಿ, ಕೇಳಿಸಿತು ಎಂದಾಗ ಸ್ವಲ್ಪ ಹಿಂದಕ್ಕೆ ಬನ್ನಿ. ಆಮೇಲೆ ಮ್ಯೂಟ್ ಒತ್ತಿದಾಗ ಏನೋ ಹೋಯಿತು ಅನಿಸಬೇಕು.

ಮಾತಿಗೆ ಎಫೆಕ್ಟ್ ಬೇಡವೇ ಬೇಡ. ಪಾಸ್ಟರ್ ಚಾನೆಲ್‌ನ ಎಫೆಕ್ಟ್ಸ್ ಆಕ್ಸ್ ಸೊನ್ನೆಯಲ್ಲೇ ಇರಲಿ. ಹಾಡು ಮುಗಿದು ಅದೇ ಮೈಕ್‌ನಲ್ಲಿ ಪ್ರಾರ್ಥನೆ ಶುರುವಾಗುವ ಕ್ಷಣಕ್ಕೆ ರಿಟರ್ನ್ ಮ್ಯೂಟ್ ಆಗಬೇಕು, ಅದು ಆಪರೇಟರ್ ಕೆಲಸ. ಕೂತವನ ಕೈ ಸದಾ ಫೋನ್‌ನಲ್ಲಿದ್ದರೆ ಎಷ್ಟು ದುಬಾರಿ ಪೆಟ್ಟಿಗೆ ತಂದರೂ ವ್ಯರ್ಥ.

ಇನ್ನು ಮೂರನೆಯ ದಾರಿ, ಡಿಜಿಟಲ್ ಮಿಕ್ಸರ್. ಬೆಹ್ರಿಂಜರ್‌ನ ಎಕ್ಸ್‌ಆರ್18ರಲ್ಲಿ ನಾಲ್ಕು ಸ್ಟೀರಿಯೋ ಎಫೆಕ್ಟ್ಸ್ ಎಂಜಿನ್‌ಗಳಿವೆ. ಸೌಂಡ್‌ಕ್ರಾಫ್ಟ್‌ನ ಯುಐ ಸಾಲಿನಲ್ಲಿ ಲೆಕ್ಸಿಕಾನ್ ರಿವರ್ಬ್ ಸಿಗುತ್ತದೆ. ಎಫೆಕ್ಟ್ಸ್ ಜೊತೆಗೆ ಪ್ರತಿ ಮೈಕ್‌ಗೂ ಕಂಪ್ರೆಸರ್ ಮತ್ತು ಪೂರ್ಣ ಈಕ್ವಲೈಜರ್, ಒಂದೇ ಗುಂಡಿಯಲ್ಲಿ ಎಲ್ಲ ಎಫೆಕ್ಟ್ಸ್ ನಿಲ್ಲಿಸುವ ಮ್ಯೂಟ್ ಗ್ರೂಪ್, ಹಾಲ್‌ನ ನಡುವೆ ಕೂತು ಟ್ಯಾಬ್ಲೆಟ್‌ನಲ್ಲಿ ಮಿಕ್ಸ್ ಮಾಡುವ ಅನುಕೂಲ. ಇವೆಲ್ಲವನ್ನೂ ಬೇರೆಬೇರೆಯಾಗಿ ಕೊಂಡರೆ ಆಗುವ ಖರ್ಚಿಗಿಂತ ಒಂದು ಮಿಕ್ಸರ್ ಅಗ್ಗ. ನೇರ ಪ್ರಸಾರ ಮಾಡುವ ಯೋಚನೆ ಇದ್ದರೆ ಈ ದಾರಿಗೆ ಇನ್ನಷ್ಟು ತೂಕ. ಹಾಲ್‌ನಲ್ಲಿ ಕೂತವರಿಗೆ ಗೋಡೆಗಳ ಗುಂಯ್ ಪುಕ್ಕಟೆಯಾಗಿ ಸಿಗುತ್ತದೆ, ಫೋನ್‌ನಲ್ಲಿ ನೋಡುವವರಿಗೆ ಸಿಗುವುದಿಲ್ಲ. ಅವರಿಗೆ ಹೋಗುವ ಮಿಕ್ಸ್‌ಗೆ ರಿವರ್ಬ್ ಹೆಚ್ಚು ಬೇಕು, ಹಾಲ್‌ಗೆ ಕಡಿಮೆ. ಎರಡನ್ನೂ ಬೇರೆಬೇರೆಯಾಗಿ ಕೊಡುವುದು ಆಕ್ಸ್ ಕಡಿಮೆ ಇರುವ ಅನಲಾಗ್ ಮಿಕ್ಸರ್‌ನಲ್ಲಿ ಕಷ್ಟ. ತೊಡಕು ಎಂದರೆ ಕಲಿಯುವ ಶ್ರಮ, ಮತ್ತು ವೈಫೈ. ಇಂಥ ಮಿಕ್ಸರ್ ತಂದರೆ ಒಳಗಿನ ವೈಫೈ ನಂಬಿ ಕೂರದೆ ಅದಕ್ಕೆಂದೇ ಬೇರೊಂದು ರೂಟರ್ ಇಡಿ, ಅದರ ಪಾಸ್‌ವರ್ಡ್ ಸಭೆಗೆಲ್ಲ ಹಂಚಬೇಡಿ.

ನಿಮ್ಮ ಪತ್ರದಲ್ಲಿ ಬಿಟ್ಟುಹೋಗಿರುವ ಒಂದು ಸಂಗತಿ ತಿಳಿದರೆ ತೀರ್ಮಾನ ಮುಗಿಯುತ್ತದೆ: ಆ ಎರಡು ಮಾನಿಟರ್‌ಗಳು ಒಂದೇ ಆಕ್ಸ್‌ನಿಂದ ಹೋಗುತ್ತಿವೆಯೇ, ಎರಡರಿಂದಲೇ? ಮಿಕ್ಸರ್‌ನಲ್ಲಿ ಎರಡೇ ಆಕ್ಸ್ ಇದ್ದು ಎರಡೂ ಮಾನಿಟರ್‌ಗೆ ಹೋಗಿದ್ದರೆ, ಮಾನಿಟರ್‌ಗಳನ್ನು ಒಂದಕ್ಕೊಂದು ಸರಪಳಿಯಾಗಿ ಜೋಡಿಸಿ ಒಂದು ಆಕ್ಸ್ ಬಿಡಿಸಿಕೊಳ್ಳಿ. ಬಿಡಿಸಿಕೊಂಡದ್ದರ ಪಕ್ಕದಲ್ಲಿ ಪ್ರೀ/ಪೋಸ್ಟ್ ಸ್ವಿಚ್ ಇದೆಯೇ ಎಂದು ನೋಡಿ. ಇದ್ದರೆ ಪೋಸ್ಟ್‌ಗೆ ಒತ್ತಿ, ಬಳಸಿದ ರ‍್ಯಾಕ್ ಯೂನಿಟ್ ಒಂದನ್ನು ಹುಡುಕಲು ಹೊರಡಿ. ಆ ಆಕ್ಸ್ ಪ್ರೀ-ಫೇಡರ್ ಮಾತ್ರವಾಗಿದ್ದರೆ ಮಿಕ್ಸರ್‌ಗೇ ದುಡ್ಡು ಕೂಡಿಡಿ.